ಪಟ್ಟಿಯ ಹೊರಗಿನವರನ್ನು ಬಿಟ್ಟು ಗೆದ್ದರೆ ಅದು ಗೆಲುವಲ್ಲ

2020ರ ಜೂನ್. ಕೊರೊನಾದಿಂದ ವಿಮಾನಗಳೆಲ್ಲ ನೆಲಕ್ಕಂಟಿಕೊಂಡು ನಿಂತಿದ್ದ ಕಾಲ. ಜರ್ಮನಿಯ ಲುಫ್ತಾನ್ಸಾ ಕಂಪನಿಗೆ ಅಲ್ಲಿನ ಸರ್ಕಾರ 900 ಕೋಟಿ ಯೂರೊ ನೆರವು ಕೊಟ್ಟಿತು. ಅದೇ ತಿಂಗಳು ಕ್ಯಾಬಿನ್ ಸಿಬ್ಬಂದಿಯ ಯೂನಿಯನ್ 'ಯುಎಫ್‌ಒ' ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಸಿಬ್ಬಂದಿ ಸಂಬಳ, ಸವಲತ್ತು ಬಿಟ್ಟುಕೊಟ್ಟು 50 ಕೋಟಿ ಯೂರೊಗೂ ಹೆಚ್ಚು ಉಳಿಸಿಕೊಡಬೇಕು, ಬದಲಿಗೆ ಸುಮಾರು 22,000 ಜನರನ್ನು ನಾಲ್ಕು ವರ್ಷ ಕೆಲಸದಿಂದ ತೆಗೆಯುವಂತಿಲ್ಲ. ಒಳ್ಳೆಯ ಒಪ್ಪಂದವೇ.

ಎಂಟು ತಿಂಗಳು ಕಳೆಯಿತು. 2021ರ ಫೆಬ್ರವರಿಯಲ್ಲಿ ಅದೇ ಕಂಪನಿ ದೆಹಲಿಯಲ್ಲಿ ನೇಮಿಸಿಕೊಂಡಿದ್ದ 103 ಭಾರತೀಯ ಕ್ಯಾಬಿನ್ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೊದಲು ಎರಡು ವರ್ಷ ಸಂಬಳವಿಲ್ಲದ ರಜೆಯ ಪ್ರಸ್ತಾಪ ಇತ್ತು. ಇವರು ಕೇಳಿದ್ದು ಕೆಲಸದ ಭರವಸೆ. ಅದು ಸಿಗಲಿಲ್ಲ. ಇವರದ್ದು ನಿಗದಿತ ಅವಧಿಯ ಗುತ್ತಿಗೆ, ಮುಂದುವರಿಸಲು ಆಗುವುದಿಲ್ಲ ಎಂದಿತು ಕಂಪನಿ.

ಅದೇ ವಿಮಾನ, ಅದೇ ಸಮವಸ್ತ್ರ, ಅದೇ ಕೆಲಸ. ಒಬ್ಬರಿಗೆ ನಾಲ್ಕು ವರ್ಷದ ರಕ್ಷಣೆ, ಇನ್ನೊಬ್ಬರಿಗೆ ಮನೆ ದಾರಿ.

ಇದು ಬರೀ ಜರ್ಮನಿಯ ಕತೆ ಎಂದುಕೊಳ್ಳಬೇಡಿ. ಅಮೆರಿಕದ ಯುನೈಟೆಡ್ ಕಂಪನಿ ಅದೇ 2020ರಲ್ಲಿ ಫ್ರಾಂಕ್‌ಫರ್ಟ್, ಹಾಂಗ್‌ಕಾಂಗ್, ಟೋಕಿಯೊದ ನರೀತಾ ನೆಲೆಗಳನ್ನು ಮುಚ್ಚುವುದಾಗಿ ಹೇಳಿತು. ಏಟು ಬಿದ್ದದ್ದು ಸುಮಾರು 840 ಜನರಿಗೆ. ಅಮೆರಿಕದಲ್ಲಿ ದುಡಿಯುವ ಪರವಾನಗಿ ಇದ್ದವರು ಅಲ್ಲಿಗೆ ವರ್ಗ ಕೇಳಬಹುದಿತ್ತು. ಇಲ್ಲದವರು?

ಕಡಿತದ ಮಾತು ಬಂದಾಗಲೆಲ್ಲ ಸ್ವದೇಶಿ ಸಿಬ್ಬಂದಿಯ ನಡುವೆ ಏಳುವ ಮಾತು ಒಂದೇ: "ನಮ್ಮವರು ಕೆಲಸ ಕಳೆದುಕೊಳ್ಳುವಾಗ ಹೊರದೇಶದವರನ್ನು ಯಾಕೆ ಇಟ್ಟುಕೊಳ್ಳಬೇಕು? ಅವರು ಕಡಿಮೆ ಸಂಬಳಕ್ಕೆ ಬಂದು ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ." ಈ ಸಿಟ್ಟು ಪೂರ್ತಿ ಸುಳ್ಳಲ್ಲ. ಪ್ರಯಾಣಿಕರ ಭಾಷೆ ಬಲ್ಲವರು ಬೇಕು ಎಂಬುದು ಕಂಪನಿಗೆ ನಿಜವಾದ ಅಗತ್ಯವೇ. ಆದರೆ ಅದರ ಹಿಂದೆ ಅಗ್ಗದ ಸಂಬಳದ ಲೆಕ್ಕವೂ ಇರುತ್ತದೆ. ಆ ಲೆಕ್ಕ ಬರೆದವರು ಯಾರು? ದೆಹಲಿಯ ಹುಡುಗಿಯೇ? ಬೆಲೆ ಕಟ್ಟಿದವರನ್ನು ಬಿಟ್ಟು ಬೆಲೆ ಕಟ್ಟಿಸಿಕೊಂಡವಳ ಮೇಲೆ ರೇಗಿದರೆ ಕಂಪನಿಗೆ ಅದಕ್ಕಿಂತ ಸುಖ ಇನ್ನೇನಿದೆ?

ನಮ್ಮ ಕಾನೂನೂ ಕಂಪನಿಯ ಕಡೆಗೇ ಬಾಗಿತ್ತು. ಕೈಗಾರಿಕಾ ವಿವಾದ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗುತ್ತಿಗೆಯ ಅವಧಿ ಮುಗಿದು ನವೀಕರಿಸದೆ ಬಿಟ್ಟರೆ ಅದು 'ಉದ್ಯೋಗ ಕಡಿತ' ಎನಿಸಿಕೊಳ್ಳುತ್ತಲೇ ಇರಲಿಲ್ಲ. ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬ ನಿಯಮ ಅಲ್ಲಿಗೆ ತಲುಪುತ್ತಿರಲಿಲ್ಲ. ಕೆಲಸ ಹೋಗಿರುತ್ತಿತ್ತು, ಆದರೆ ಕಾಗದದಲ್ಲಿ ಯಾರನ್ನೂ ತೆಗೆದಿರುತ್ತಿರಲಿಲ್ಲ.

ಜಿಲ್ಲೆಯಲ್ಲಿ ಕೂತವನಿಗೆ ವಿಮಾನದ ಉಸಾಬರಿ ಯಾಕೆ ಎಂದು ಕೇಳಬಹುದು. ನಾನು ಸ್ಟ್ರಿಂಗರ್. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಅದೇ 2020ರಲ್ಲಿ ನಾನು ಬರೆಯುತ್ತಿದ್ದ ಪತ್ರಿಕೆ ಪುಟ ಇಳಿಸಿತು. ಕಚೇರಿಯ ಕಾಯಂ ನೌಕರರು ಸಂಬಳ ಕಡಿತಕ್ಕೆ ಒಪ್ಪಿ ಕೆಲಸ ಉಳಿಸಿಕೊಂಡರು. ನಮಗೆ ಫೋನೂ ಬರಲಿಲ್ಲ. ಸುದ್ದಿ ಕಳಿಸುವುದು ಬೇಡ ಎಂಬ ಒಂದು ಸಾಲಿನ ವಾಟ್ಸ್‌ಆ್ಯಪ್ ಸಂದೇಶ ಬಂತು, ಅಷ್ಟೆ. ಕಾಯಂ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮರುವರ್ಷ ಖಾಲಿಯಾದ ಕಾಯಂ ಹುದ್ದೆಗಳಿಗೆ ಬಂದವರೂ ನಮ್ಮಂಥ ಪಟ್ಟಿಯಿಲ್ಲದವರೇ. ಇದನ್ನು ಅವರೂ ನೋಡಿದ್ದಾರೆ.

"ಚಂದಾ ಕೊಡುವ ಸದಸ್ಯರನ್ನು ಕಾಯುವುದು ಯೂನಿಯನ್ನಿನ ಧರ್ಮ" ಎನ್ನುತ್ತಾರೆ. ಒಪ್ಪಿದೆ. ಹಾಗಿದ್ದರೆ ಅವರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ. ಆಗದ ಮಾತೇನಲ್ಲ. ಸಮುದ್ರದಲ್ಲಿ ಅಂಥ ದಾರಿಯನ್ನು ಎಂದೋ ಹಾಕಿದ್ದಾರೆ. ಮಾಲೀಕ ಒಂದು ದೇಶದವನು, ಹಡಗಿನ ಬಾವುಟ ಇನ್ನೊಂದು ದೇಶದ್ದು ಎಂಬ ಆಟದ ವಿರುದ್ಧ ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ 1948ರಲ್ಲೇ ಹೋರಾಟ ಶುರು ಮಾಡಿತು. ನಾವಿಕ ಯಾವ ದೇಶದವನಾದರೂ ಸರಿ, ಒಕ್ಕೂಟದ ಒಪ್ಪಂದವಿರುವ ಹಡಗಿನಲ್ಲಿ ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡುವಂತಿಲ್ಲ. ಹಡಗಿಗೆ ಹೋಗಿ ಬಂದವರು ನಮ್ಮ ಕರಾವಳಿಯಲ್ಲೂ ಇದ್ದಾರೆ, ಕೇಳಿ ನೋಡಿ.

ನೀರಿನ ಮೇಲೆ ಆಗುವುದು ಆಕಾಶದಲ್ಲಿ ಯಾಕಾಗದು? ಒಂದೇ ವಿಮಾನದಲ್ಲಿ ದುಡಿಯುವವರಿಗೆಲ್ಲ ಒಂದೇ ಸೇವಾ ಹಿರಿತನದ ಪಟ್ಟಿ, ಒಂದೇ ಒಪ್ಪಂದ ಇರಲಿ. ಅಗ್ಗದ ಕೈ ಸಿಗದಿದ್ದರೆ ದುಬಾರಿ ಕೈಯನ್ನು ಕತ್ತರಿಸುವ ಆಸೆಯೂ ಕಂಪನಿಗೆ ಇರುವುದಿಲ್ಲ.

ಫ್ರಾಂಕ್‌ಫರ್ಟಿನ ಗೆಳೆಯರೇ, ದೆಹಲಿಯವರನ್ನು ಕೈಬಿಟ್ಟು ಉಳಿಸಿಕೊಂಡದ್ದು ನಾಲ್ಕು ವರ್ಷ ಮಾತ್ರ. ಐದನೆಯ ವರ್ಷದ ಮಾತುಕತೆಗೆ ಕೂತಾಗ, ನಿಮಗಿಂತ ಅಗ್ಗಕ್ಕೆ ಸಿಗುವವರ ಲೆಕ್ಕ ಕಂಪನಿಯ ಜೇಬಿನಲ್ಲೇ ಇರುತ್ತದೆ.