ಕೃತಕ ಕೋಶವೂ ಕಾಳಿಯ ನೀರೂ

'ಕೃತಕ ಜೀವಕೋಶ' ಎಂಬ ಮಾತು ಕಿವಿಗೆ ಬಿದ್ದೊಡನೆ, ಮನುಷ್ಯನು ಬ್ರಹ್ಮನ ಕೆಲಸಕ್ಕೇ ಕೈಹಾಕಿದನೆಂದು ಕೆಲವರು ಹೌಹಾರುತ್ತಾರೆ; ಅದೆಲ್ಲ ದೂರದೇಶದ ಪ್ರಯೋಗಶಾಲೆಗಳ ವಿಲಾಸ, ನಮಗೇನಾಗಬೇಕೆಂದು ಇನ್ನು ಕೆಲವರು ಮುಖ ತಿರುಗಿಸುತ್ತಾರೆ. ಎರಡೂ ನಿಲುವುಗಳು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷ್ಯ ನಮ್ಮ ಉತ್ತರ ಕನ್ನಡದಲ್ಲೇ ಇದೆ.

ಹಳಿಯಾಳದ ಕಬ್ಬಿನ ಹಾಲು ಇಟ್ಟಲ್ಲೇ ಹುಳಿಯಾಗುವುದು, ಮುಂಡಗೋಡದ ಮನೆಗಳಲ್ಲಿ ಹಾಲು ರಾತ್ರಿ ಬೆಳಗಾಗುವುದರೊಳಗೆ ಮೊಸರಾಗುವುದು, ಇವೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳು ನಡೆಸುವ ರಾಸಾಯನಿಕ ಕ್ರಿಯೆಗಳೇ. ಜೋಯಿಡಾದ ಕಾಡಿನಲ್ಲಿ ಬಿದ್ದ ಮರದ ಮೇಲೆ ಮಳೆಗಾಲದಲ್ಲಿ ಏಳುವ ಅಣಬೆಗಳಲ್ಲಿ ಕೆಲವು, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಬೆಂಕಿಯ ಹಂಗಿಲ್ಲದೆ ಒಡೆಯುತ್ತವೆ. ಅದೇ ಲಿಗ್ನಿನ್ನನ್ನು ನಾರಿನಿಂದ ಬಿಡಿಸಲು ಕಾಗದದ ಕಾರ್ಖಾನೆಗಳು ಮರದ ಚೂರನ್ನು ಕಾಸ್ಟಿಕ್ ಸೋಡಾ ಮತ್ತು ಗಂಧಕದ ಲವಣದೊಡನೆ ಸುಮಾರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತವೆ. 1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ದಾಂಡೇಲಿಗೆ ಈ ವಿಷಯ ಹೊಸತಲ್ಲ. ಅಣಬೆಗೆ ತಿಂಗಳುಗಳು ಬೇಕು, ಕಾರ್ಖಾನೆಗೆ ಕೆಲವು ಗಂಟೆ ಸಾಕು ಎಂಬುದೂ ನಿಜವೇ.

ಅಣಬೆಯ ಬಲವಿರುವುದು ಲ್ಯಾಕೇಸ್ ಮೊದಲಾದ ಅದರ ಕಿಣ್ವಗಳಲ್ಲಿ. ಆದರೆ ಕಿಣ್ವವನ್ನು ಬರಿದೆ ನೀರಿಗೆ ಸುರಿದರೆ ಅದು ಹರಿದುಹೋಗುತ್ತದೆ, ಬೇಗ ಕೆಡುತ್ತದೆ. ಜೀವಕೋಶವಾದರೋ ತನ್ನ ಕಿಣ್ವಗಳನ್ನು ಪೊರೆಯೊಳಗೆ ಕಾಪಾಡಿಕೊಂಡು, ಬೇಕಾದುದನ್ನು ಒಳಗೆ ಬಿಟ್ಟುಕೊಂಡು, ಬೇಡವಾದುದನ್ನು ಹೊರಗೆ ಕಳುಹಿಸುತ್ತದೆ. ವಿಜ್ಞಾನಿಗಳು ಅನುಕರಿಸಹೊರಟಿರುವುದು ಮುಖ್ಯವಾಗಿ ಈ ಪೊರೆಯನ್ನು. 1957ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಥಾಮಸ್ ಚಾಂಗ್ ಅವರು ರಕ್ತದ ಹಿಮೋಗ್ಲೋಬಿನ್ನನ್ನು ತೆಳುವಾದ ಕೃತಕ ಪೊರೆಯೊಳಗೆ ತುಂಬಿದರು. 2013ರಲ್ಲಿ ಬ್ರಿಸ್ಟಲ್‌ನ ಸ್ಟೀಫನ್ ಮಾನ್ ಮತ್ತು ಸಂಗಡಿಗರು ಪ್ರೋಟೀನಿಗೆ ಪಾಲಿಮರ್ ಎಳೆಗಳನ್ನು ಬೆಸೆದು, ಅದರಿಂದಲೇ ಗೋಡೆ ಕಟ್ಟಿದ ಸೂಕ್ಷ್ಮಕೋಶಗಳನ್ನು ಪ್ರಕಟಿಸಿದರು. ಇಂಥ ಪೊರೆಯಲ್ಲಿ ಸಣ್ಣ ಅಣುಗಳು ನುಸುಳಬಲ್ಲವು. ದೊಡ್ಡ ಕಿಣ್ವ ಒಳಗೇ ಉಳಿಯುತ್ತದೆ. ಇದರಲ್ಲಿ ಪ್ರಾಣಪ್ರತಿಷ್ಠೆಯ ಮಾತೇ ಇಲ್ಲ.

ಕಾಗದ ಬೇಯಿಸಿದ ಕೊಳಚೆನೀರಿನಲ್ಲಿ ಲಿಗ್ನಿನ್ನಿನ ಒಡಕುಗಳಾದ ಫೀನಾಲ್ ಜಾತಿಯ ದ್ರವ್ಯಗಳಿರುತ್ತವೆ. ಪೊರೆಯೊಳಗಿಟ್ಟ ಲ್ಯಾಕೇಸ್ ಅವುಗಳನ್ನು ನೀರಿನಿಂದ ನೀಗಿಸಬಲ್ಲುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಗಾಜಿನ ಬಟ್ಟಲಿನಲ್ಲಿ ಗೆದ್ದುದು ಲಕ್ಷಾಂತರ ಲೀಟರಿನೆದುರು ಗೆಲ್ಲಲೇಬೇಕೆಂದಿಲ್ಲ. ನಾಳೆ ಕೃತಕ ಕೋಶ ಬರುವುದೆಂಬ ನೆಪದಿಂದ ಇಂದಿನ ಶುದ್ಧೀಕರಣವನ್ನು ಯಾರೂ ಸಡಿಲಿಸಕೂಡದು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ದಾಂಡೇಲಿಯನ್ನು ಹಾದು, ಕಾರವಾರದಲ್ಲಿ ಕಡಲು ಸೇರುವ ಕಾಳಿ ಅಲ್ಲಿಯವರೆಗೆ ಕಾಯಲಾರಳು.

ಆದುದರಿಂದ ಈ ಹೊಸ ವಿದ್ಯೆಯನ್ನು ಅಳೆಯುವ ಕೋಲು ಯಾವುದೆಂಬುದೇ ಮುಖ್ಯ ಪ್ರಶ್ನೆ. ಅದು ಜೀವವನ್ನು ಸೃಷ್ಟಿಸಿತೆ ಎಂದು ಕೇಳುವುದಕ್ಕಿಂತ, ಬೆಂಕಿ ಮತ್ತು ಕ್ಷಾರಗಳ ಭಾರವನ್ನು ಎಷ್ಟು ತಗ್ಗಿಸಿತು, ನದಿಯ ನೀರನ್ನು ಎಷ್ಟು ತಿಳಿಯಾಗಿಸಿತು ಎಂದು ಕೇಳುವುದು ಮೇಲು. ಹಾಗೆ ಕೇಳಲು ನದಿಯ ದಡದವರಿಗೆ ವಿಷಯ ತಿಳಿದಿರಬೇಕು. ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ರಸಾಯನಶಾಸ್ತ್ರದ ಪಾಠವನ್ನು ಕಾಡಿನ ಅಣಬೆಯಿಂದಲೂ ಕಾಳಿಯ ನೀರಿನಿಂದಲೂ ಕನ್ನಡದಲ್ಲಿ ಆರಂಭಿಸಿದರೆ, ಅಂಥ ಪ್ರಶ್ನೆ ಕೇಳಬಲ್ಲ ವಿದ್ಯಾರ್ಥಿಗಳು ಇಲ್ಲಿಯೇ ತಯಾರಾದಾರು.