ಅಂಬಾಸಿಡರ್‌ಗೆ ತೆಳು ಆಯಿಲ್ ಏಕೆ?

0ಡಬ್ಲ್ಯು-20 ಸಿಂಥೆಟಿಕ್ ಆಯಿಲ್ ಯಾವ ಕಾರಿಗೂ ಉತ್ತಮ, 20ಡಬ್ಲ್ಯು-50 ಬರೀ ಹಳಬರ ಹಟ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಸಿಂಥೆಟಿಕ್ ಬಿಸಿಗೆ ಬೇಗ ಕೆಡದು, ಒಪ್ಪೋಣ. ಆದರೆ 1489 ಸಿಸಿಯ ಹಳೆಯ ಅಂಬಾಸಿಡರ್ ಎಂಜಿನ್ ದಪ್ಪ ಆಯಿಲ್‌ಗೆಂದೇ ರೂಪುಗೊಂಡದ್ದು. ಸವೆದ ಬೇರಿಂಗ್‌ಗಳಲ್ಲಿ ತೆಳು ಆಯಿಲ್ ಒತ್ತಡ ಹಿಡಿಯದು.

ಲೇಖಕರು ಕ್ಯಾಮ್‌ಶಾಫ್ಟನ್ನಂತೂ ಮುಟ್ಟಿಯೇ ಇಲ್ಲ. ಅದರ ಮೇಲೆ ಟ್ಯಾಪೆಟ್ ಉಜ್ಜುತ್ತಲೇ ಇರುತ್ತದೆ. ಆ ಸವೆತ ತಡೆಯುವುದು ಆಯಿಲ್‌ಗೆ ಬೆರೆಸಿದ ಸತು-ರಂಜಕದ ಸಂಯುಕ್ತ. ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು 0ಡಬ್ಲ್ಯು-20ರಂಥ ದರ್ಜೆಗಳಲ್ಲಿ ರಂಜಕದ ಮಿತಿ ಶೇ 0.08. ಎಪ್ಪತ್ತರ ದಶಕದ ಅಂಬಾಸಿಡರ್‌ನಲ್ಲಿ ಕನ್ವರ್ಟರ್ ಎಲ್ಲಿದೆ ಸ್ವಾಮಿ? ಇಲ್ಲದ್ದನ್ನು ಕಾಯಲು ಇರುವುದನ್ನು ಸವೆಸಬೇಕೆ?

0ಡಬ್ಲ್ಯು-20 ಕೊರೆವ ಚಳಿಯಲ್ಲೂ ಸಲೀಸಾಗಿ ಹರಿಯುತ್ತದಂತೆ. ಸ್ವೀಡನ್‌ಗೆ ಸರಿ, ಕಲಬುರಗಿಗೆ? ಸಿಂಥೆಟಿಕ್ಕೇ ಬೇಕೆಂದರೆ ಅದರಲ್ಲೂ 20ಡಬ್ಲ್ಯು-50 ಸಿಗುತ್ತದೆ. ಸತುವಿನ ಪ್ರಮಾಣ ವಿಚಾರಿಸಿ ಕೊಳ್ಳಲಿ.