ಹೆಬ್ಬೆಟ್ಟು ಒತ್ತುವ ಮೊದಲು

ಬೀದರ್, ಭಾಲ್ಕಿ, ಔರಾದ್ ಕಡೆಯ ಕ್ಯಾನ್ಸರ್ ರೋಗಿಗಳು ಕಲಬುರಗಿಗೋ ಹೈದರಾಬಾದಿಗೋ ಬಾರ್ಶಿಗೋ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಇದ್ದ ಔಷಧಗಳೆಲ್ಲ ಮುಗಿದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಕೆಲವರಿಗೆ ಒಂದು ಪ್ರಶ್ನೆ ಎದುರಾಗಬಹುದು: ‘ಹೊಸ ಔಷಧದ ಪ್ರಯೋಗ ನಡೆದಿದೆ, ಸೇರುತ್ತೀರಾ?’ ದಯೆಯೇ ಧರ್ಮವೆಂದು ನಂಬಿದ ನಾವು ಆ ಕುಟುಂಬಕ್ಕೆ ಏನು ಹೇಳಬೇಕು?

ಮೊದಲು ಸಂಗತಿ ತಿಳಿಯೋಣ. ಮೊದಲ ಹಂತದ ಪ್ರಯೋಗದ ಮುಖ್ಯ ಗುರಿ ರೋಗ ವಾಸಿಮಾಡುವುದಲ್ಲ. ದೇಹ ಎಷ್ಟು ಔಷಧ ತಾಳೀತು ಎಂದು ಅಳೆಯುವುದು. ಕೆಲವೇ ರೋಗಿಗಳಿಗೆ ಕಡಿಮೆ ಪ್ರಮಾಣ ಕೊಟ್ಟು, ಅಪಾಯ ಕಾಣದಿದ್ದರೆ ಮುಂದಿನವರಿಗೆ ಹೆಚ್ಚಿಸುತ್ತಾರೆ. ನಾನು ಸರ್ಕಾರಿ ಇಂಜಿನಿಯರನಾಗಿದ್ದಾಗ ಸೇತುವೆಗೆ ಹಂತಹಂತವಾಗಿ ಭಾರ ಹೇರಿ ಬಾಗು ಅಳೆಯುತ್ತಿದ್ದೆವು. ಕಾಂಕ್ರೀಟ್ ಕ್ಯೂಬನ್ನು 28ನೇ ದಿನ ಒಡೆದೇ ನೋಡುತ್ತಿದ್ದೆವು. ಕ್ಯೂಬಿಗೆ ಹೆಂಡತಿ ಮಕ್ಕಳಿಲ್ಲ, ಅದರ ಒಪ್ಪಿಗೆ ಬೇಕಿಲ್ಲ. ಮನುಷ್ಯನದು ಬೇಕು.

1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಔಷಧ ಪ್ರಯೋಗವಾಯಿತು. ತನ್ನ ಸಮಿತಿಯ ಅನುಮತಿ ಇರಲಿಲ್ಲ, ರೋಗಿಗಳ ರಕ್ಷಣೆ ಸಾಲದಾಗಿತ್ತು ಎಂದು 2001ರಲ್ಲಿ ಆ ವಿಶ್ವವಿದ್ಯಾಲಯವೇ ಹೇಳಿತು.

ಹಾಗೆಂದು ಪ್ರಯೋಗವೇ ಬೇಡವೆನ್ನುವುದು ಇನ್ನೊಂದು ಮೌಢ್ಯ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ರೂಪಿಸಿದ ರಕ್ತ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. 2021ರಿಂದ ಪ್ರಯೋಗಕ್ಕೆ ಒಪ್ಪಿದ ರೋಗಿಗಳಿಲ್ಲದೆ ಅದು ಸಾಧ್ಯವಿರಲಿಲ್ಲ. ತಿಳಿದು ಕೊಟ್ಟರೆ ಅದು ದಾಸೋಹ. ತಿಳಿಸದೆ ಪಡೆದರೆ ಬಲಿ.

ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು, 2019 ರೋಗಿಯ ಕೈಗೆ ಹಕ್ಕು ಕೊಟ್ಟಿವೆ. ಅರ್ಥವಾಗುವ ಭಾಷೆಯಲ್ಲಿ ವಿವರಣೆ, ಒಪ್ಪಿಗೆ ಪತ್ರದ ಪ್ರತಿ, ಯಾವಾಗ ಬೇಕಾದರೂ ಹೊರಬರುವ ಸ್ವಾತಂತ್ರ್ಯ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ. ಓದು ಬಾರದವರಿಗೆ ವಿವರಿಸುವಾಗ ಆದ್ಯಂತ ಒಬ್ಬ ನಿಷ್ಪಕ್ಷ ಸಾಕ್ಷಿ ಕುಳಿತು ಸಹಿ ಮಾಡಬೇಕು.

ಈ ಸಾಕ್ಷಿಯ ಜಾಗದಲ್ಲೇ ನಮ್ಮ ಮಠಗಳಿಗೆ ಕೆಲಸವಿದೆ. ಈ ಗಡಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಬಲ್ಲ ನಿವೃತ್ತ ಶಿಕ್ಷಕರು, ದಾದಿಯರು ಊರೂರಿಗೂ ಇದ್ದಾರೆ. ಪ್ರತಿ ಮಠವೂ ಅಂಥ ನಾಲ್ವರ ಹೆಸರು ಬರೆದಿಡಲಿ. ರೋಗಿಯ ಜೊತೆ ಹೋಗಿ ಕಾಗದ ಓದಿ ಹೇಳಲಿ, ಕೇಳಬೇಕಾದ್ದನ್ನು ಕೇಳಲಿ. ಸೇರು ಎನ್ನುವುದೂ ಬೇಡ, ಬೇಡವೆನ್ನುವುದೂ ಬೇಡ. ತೀರ್ಮಾನ ರೋಗಿಯದು.